ಉದ್ಯಾನಶಿಲ್ಪಿ ಕ್ರುಂಬಿಗಲ್

ಬೆಂಗಳೂರಿನ ಲಾಲ್‌ಬಾಗಿನ ಮಗ್ಗುಲಲ್ಲಿ ಕ್ರುಂಬಿಗಲ್ ರಸ್ತೆ ಎಂಬುದೊಂದುಂಟು. ಆ ದಾರಿಯಲ್ಲಿ ನಿತ್ಯವೂ ಓಡಾಡುವವರಲ್ಲಿ ಅನೇಕರಿಗೆ ಅದು ಒಬ್ಬ ಮನುಷ್ಯನ ಹೆಸರೆಂಬುದೇ ತಿಳಿದಿರಲಾರದು. ಅರಸರ ಹೆಸರನ್ನು ಶಾಸನ ಕಾಯುತ್ತದೆ, ಕವಿಯ ಹೆಸರನ್ನು ಕಾವ್ಯ ಕಾಯುತ್ತದೆ. ಮರ ನೆಟ್ಟವನ ಹೆಸರನ್ನು ಕಾಯುವುದಕ್ಕೆ ಮರಕ್ಕೆ ಬಾಯಿಲ್ಲ. ಆದರೆ ಒಂದು ಮಹಾನಗರಕ್ಕೆ ಉದ್ಯಾನನಗರಿ ಎಂಬ ಬಿರುದು ಬರುವಂತೆ ದುಡಿದವರಲ್ಲಿ ಈತನಷ್ಟು ದೂರದೃಷ್ಟಿಯುಳ್ಳವರು ವಿರಳ. ನಮ್ಮ ಪುತ್ತೂರು, ಸುಳ್ಯ ಪಟ್ಟಣಗಳು ದಿನೇ ದಿನೇ ಬೆಳೆಯುತ್ತಿರುವ, ಅವುಗಳ ನೆರೆಯಲ್ಲಿ ಕಡಬವು ಹೊಸ ತಾಲ್ಲೂಕಾಗಿ ತಲೆಯೆತ್ತಿರುವ ಈ ಹೊತ್ತಿನಲ್ಲಿ ಆ ಬಾಳನ್ನು ಒಮ್ಮೆ ನೆನೆಯುವುದು ಉಚಿತವೆಂದು ನನಗೆ ತೋರುತ್ತದೆ.

ಕನ್ನಡ ಪಾಠ ಹೇಳುವವನಿಗೆ ತೋಟಗಾರನ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ನಮ್ಮ ಪ್ರಾಚೀನ ಕವಿಗಳಿಗೆ ಸಂದ ಅಷ್ಟಾದಶ ವರ್ಣನೆಗಳಲ್ಲಿ ಉದ್ಯಾನವೂ ಒಂದು. ತರಗತಿಯಲ್ಲಿ ಆ ವರ್ಣನೆಗಳನ್ನು ಬಿಡಿಸಿ ಹೇಳುವಾಗಲೆಲ್ಲ ನನ್ನನ್ನು ಒಂದು ವಿಚಾರ ಕಾಡುವುದುಂಟು. ಕಾವ್ಯದ ಉದ್ಯಾನವು ಬಹುಮಟ್ಟಿಗೆ ಅರಸನದು. ಅಲ್ಲಿ ರಾಜಕುಮಾರನು ವಿಹರಿಸಬಹುದು, ಸಖಿಯರು ಹೂ ಕೊಯ್ಯಬಹುದು. ಊರಿನ ಕೂಲಿಯಾಳು ಸಂಜೆ ಬಂದು ದಣಿವಾರಿಸಿಕೊಳ್ಳುವ ತೋಟದ ಕಲ್ಪನೆ ತೀರ ಈಚಿನದು. ಆ ಕಲ್ಪನೆಗೆ ನಮ್ಮ ನಾಡಿನಲ್ಲಿ ಬೇರು ಬಿಡಿಸಿದವರಲ್ಲಿ ಕ್ರುಂಬಿಗಲ್ಲರು ಪ್ರಮುಖರು.

ಗುಸ್ತಾವ್ ಹರ್ಮನ್ ಕ್ರುಂಬಿಗಲ್ಲರು ಹುಟ್ಟಿದುದು 1865ರ ಡಿಸೆಂಬರಿನಲ್ಲಿ, ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಡ್ರೆಸ್ಡೆನ್ ನಗರಕ್ಕೆ ಸಮೀಪದ ಲೋಮೆನ್ ಎಂಬ ಊರಿನಲ್ಲಿ. ಪಿಲ್ನಿಟ್ಸಿನಲ್ಲಿ ತೋಟಗಾರಿಕೆಯನ್ನು ಅಭ್ಯಾಸ ಮಾಡಿ, ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂಮಡಿಗಳನ್ನು ರೂಪಿಸಿದರು. ಅನಂತರ ಜಗದ್ವಿಖ್ಯಾತವಾದ ಕ್ಯೂ ಸಸ್ಯೋದ್ಯಾನದಲ್ಲಿ ಕೆಲಸಕ್ಕೆ ಸೇರಿದರು. ಭೂಮಂಡಲದ ನಾನಾ ದಿಕ್ಕುಗಳಿಂದ ತಂದ ಸಸ್ಯಗಳನ್ನು ಪರೀಕ್ಷಿಸಿ, ಯಾವುದು ಎಲ್ಲಿ ಬಾಳೀತೆಂದು ಅಳೆಯುತ್ತಿದ್ದ ಕ್ಯೂ ಅವರ ನಿಜವಾದ ಗುರುಕುಲವಾಯಿತು. 1893ರಲ್ಲಿ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಕರೆಯನ್ನು ಮನ್ನಿಸಿ ಭಾರತಕ್ಕೆ ಬಂದರು. ಸುಮಾರು 15 ವರ್ಷ ಆ ಸಂಸ್ಥಾನದ ಉದ್ಯಾನಗಳನ್ನು ನೋಡಿಕೊಂಡರು. 1908ರಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ತಮ್ಮ ಸಂಸ್ಥಾನಕ್ಕೆ ಬರಮಾಡಿಕೊಂಡು ಲಾಲ್‌ಬಾಗಿನ ಹೊಣೆಯನ್ನು ಒಪ್ಪಿಸಿದರು.

ಅವರ ಕೈಗೆ ಬಂದುದು ಬರಿಯ ಬಯಲಲ್ಲ. ಹೈದರಾಲಿ 1760ರಲ್ಲಿ ಸುಮಾರು 40 ಎಕರೆಯಲ್ಲಿ ತೊಡಗಿಸಿದ ಆ ತೋಟವನ್ನು ಟಿಪ್ಪು ಬೆಳೆಸಿದ್ದನು. 1856ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾಯಿತು. 1874ರಿಂದ 1908ರ ವರೆಗೆ ಜಾನ್ ಕ್ಯಾಮರಾನ್ ಅದನ್ನು ವಿಸ್ತರಿಸಿದ್ದರು. 1889ರಲ್ಲಿ ಗಾಜಿನ ಮನೆಗೆ ಅಸ್ತಿಭಾರ ಬಿದ್ದುದೂ ಅವರ ಕಾಲದಲ್ಲಿಯೇ. ಹಿಂದಿನವರು ಒಂದು ತೋಟವನ್ನು ಕಟ್ಟಿದ್ದರು. ಕ್ರುಂಬಿಗಲ್ಲರು ಆ ತೋಟವನ್ನು ಬೇಲಿಯಿಂದ ಹೊರಗೆ ತಂದು ಊರಿನೊಳಗೆ ಹರಡಿದರು.

ಈ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಬೀದಿಯ ಬದಿಯಲ್ಲಿ ಮರ ನೆಡಿಸುವುದು ಹೊಸದಲ್ಲ; ಸಾಲುಮರ ನೆಡಿಸುವುದು ನಮ್ಮಲ್ಲಿ ಹಿಂದಿನಿಂದಲೂ ಪುಣ್ಯಕಾರ್ಯವೆನಿಸಿದೆ. ಹೊಸತೆಂದರೆ ಕ್ರುಂಬಿಗಲ್ಲರು ಋತುಚಕ್ರವನ್ನೇ ನಗರದ ನಕ್ಷೆಯ ಮೇಲೆ ಹಾಸಿದುದು. ಒಂದು ಬೀದಿಯ ಮರಗಳು ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಬೀದಿಯವು ಅರಳತೊಡಗಬೇಕು. ವರ್ಷದ ಯಾವ ತಿಂಗಳಿನಲ್ಲಿಯೂ ಊರು ಹೂವಿಲ್ಲದೆ ಇರಬಾರದು. ಇದು ಅವರ ಸಂಕಲ್ಪ. ಚಳಿ ಹಿಂದೆಗೆಯುವಾಗ ತಬೂಬಿಯ, ಬೇಸಗೆ ಕಾಲಿಡುವಾಗ ನೀಲಿಯ ಜಕರಾಂಡ, ಬಿಸಿಲೇರಿದಾಗ ಕೆಂಪು ಗುಲ್‌ಮೊಹರ್, ಮಳೆಗಾಲದ ಕೊನೆಗೆ ಆಕಾಶಮಲ್ಲಿಗೆ, ಹೀಗೆ ಒಂದರ ಬೆನ್ನಿಗೊಂದು ಹೂವಿನ ಸರದಿ ಬೆಂಗಳೂರಿನಲ್ಲಿ ಇಂದಿಗೂ ನಡೆಯುತ್ತಿದೆ. ಇದರ ಹಿಂದಿರುವುದು ರಸಿಕತೆ ಮಾತ್ರವಲ್ಲ, ಗಣಿತವೂ ಹೌದು. ಮರದ ಎತ್ತರ, ಕೊಂಬೆಯ ಹರವು, ಬೇರಿನ ಓಟ, ಅರಳುವ ಕಾಲ, ಬೀದಿಯ ಅಗಲ ಇವಿಷ್ಟನ್ನೂ ತೂಗಿ, ತಾನು ಕಾಣಲಾರದ ದಿನಕ್ಕಾಗಿ ಇಂದು ಸಸಿಯನ್ನು ನೆಡಿಸಬೇಕು. ನಗರದ ಉದ್ಯಾನಗಳ ಭವಿಷ್ಯವನ್ನು ಯೋಜಿಸುವುದೆಂದರೆ ಇದೇ.

ಯೋಜನೆಯನ್ನು ನಡೆಸಿಕೊಂಡು ಹೋಗಲು ಜನ ಬೇಕೆಂಬುದನ್ನೂ ಅವರು ಅರಿತಿದ್ದರು. 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು. ಅದರ ಆಶ್ರಯದ ಫಲಪುಷ್ಪ ಪ್ರದರ್ಶನಗಳು ಸಾಮಾನ್ಯ ಗೃಹಸ್ಥರಲ್ಲಿಯೂ ಹೂಗಿಡದ ಹಂಬಲವನ್ನು ಬಿತ್ತಿದವು. ಲಾಲ್‌ಬಾಗಿನಲ್ಲಿ ತೋಟಗಾರಿಕೆಯ ಶಿಕ್ಷಣಕ್ಕೆ ನೆಲೆಯೊದಗಿತು. ಪರದೇಶಗಳ ಸಸ್ಯೋದ್ಯಾನಗಳೊಡನೆ ಬೀಜಗಳ ಕೊಡುಕೊಳೆ ಬೆಳೆಯಿತು. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಕೃಷ್ಣರಾಜಸಾಗರದ ಅಣೆಕಟ್ಟಿನ ಕೆಳಗೆ ಬೃಂದಾವನ ಉದ್ಯಾನವು ಮೈತಳೆದಾಗ ಅದರ ರಚನೆಯಲ್ಲಿಯೂ ಅವರ ಕೈಯಿತ್ತು.

ಇಂಥವರ ಬಾಳು ಹೂವಿನ ಹಾಸಿಗೆಯೇನೂ ಆಗಿರಲಿಲ್ಲ. ಜರ್ಮನಿಯೊಡನೆ ಇಂಗ್ಲೆಂಡು ಎರಡು ಸಲ ಯುದ್ಧ ಹೂಡಿತು. ಎರಡು ಸಲವೂ ಶತ್ರುದೇಶದವರೆಂಬ ಕಾರಣಕ್ಕೆ ಈ ನಿರಪರಾಧಿ ಬಂಧನವನ್ನು ಅನುಭವಿಸಬೇಕಾಯಿತು. ಮರ ನೆಡುವುದನ್ನೇ ಬಾಳಿನ ಕಾಯಕವಾಗಿ ಮಾಡಿಕೊಂಡಿದ್ದವರನ್ನು ಅವರು ಹುಟ್ಟಿದ ನೆಲದ ಹೆಸರಿನಿಂದ ಅಳೆದುದು ಆ ಕಾಲದ ಕ್ರೌರ್ಯ. ಆದರೂ ಅವರು ಈ ನಾಡನ್ನು ತೊರೆಯಲಿಲ್ಲ. 1932ರಲ್ಲಿ ನಿವೃತ್ತರಾದ ಮೇಲೆಯೂ ಬೆಂಗಳೂರಿನಲ್ಲಿಯೇ ನೆಲೆಸಿದರು. ಅವರ ಸ್ಥಾನಕ್ಕೆ ಬಂದ ಜವರಾಯರು ನಮ್ಮವರೇ. ಮುಂದೆ ಡಾ. ಮರಿಗೌಡರು ಆ ಪರಂಪರೆಯನ್ನು ನಾಡಿನ ಜಿಲ್ಲೆಜಿಲ್ಲೆಗಳಿಗೂ ಮುಟ್ಟಿಸಿದರು; ಲಾಲ್‌ಬಾಗು 240 ಎಕರೆಗೆ ಹಬ್ಬಿತು. 1956ರ ಫೆಬ್ರವರಿಯಲ್ಲಿ, ತೊಂಬತ್ತು ತುಂಬಿದ ವಯಸ್ಸಿನಲ್ಲಿ, ಕ್ರುಂಬಿಗಲ್ಲರು ಕಣ್ಮುಚ್ಚಿದರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನೊಳಗೆ ಅವರ ಹೆಸರು ಹೊತ್ತಿದ್ದ ಹಳೆಯ ಸಭಾಂಗಣವು ಬಹುಕಾಲದ ಅನಾದರಕ್ಕೆ ಈಡಾಗಿ 2017ರಲ್ಲಿ ಕುಸಿದುಬಿದ್ದುದನ್ನು ನೆನೆದರೆ ಖೇದವಾಗುತ್ತದೆ.

ಅವರ ಕೆಲಸವನ್ನು ವಿಮರ್ಶೆಯಿಲ್ಲದೆ ಹೊಗಳುವುದು ಅವರಿಗೆ ಸಲ್ಲಿಸುವ ಗೌರವವಾಗಲಾರದು. ಬೆಂಗಳೂರಿನ ಹೂಮರಗಳಲ್ಲಿ ಹಲವು ದಕ್ಷಿಣ ಅಮೆರಿಕ, ಮಡಗಾಸ್ಕರ್ ಮೊದಲಾದ ದೂರದ ನೆಲಗಳವು. ಗುಲ್‌ಮೊಹರಿನಂಥ ಮರಗಳ ಕೊಂಬೆ ಬಿರುಗಾಳಿಗೆ ಸುಲಭವಾಗಿ ಮುರಿಯುತ್ತದೆ. ನಾಡಮರಗಳಿಗೆ ಇನ್ನಷ್ಟು ಎಡೆ ದೊರೆಯಬೇಕಾಗಿತ್ತೆಂದು ಸಸ್ಯಜ್ಞರು ಹೇಳುವುದರಲ್ಲಿ ನ್ಯಾಯವಿದೆ. ಆದುದರಿಂದ ನಾವು ಅವರಿಂದ ಕಲಿಯಬೇಕಾದುದು ಮರಗಳ ಪಟ್ಟಿಯನ್ನಲ್ಲ, ವಿಧಾನವನ್ನು. ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ ಕಾಣುವ ಎತ್ತರದ ಬಯಲಿಗೆ ಒಪ್ಪಿದ್ದು, ಅದರ ನಾಲ್ಕು ಪಟ್ಟಿನಷ್ಟು ಮಳೆ ಸುರಿಯುವ ನಮ್ಮ ಗುಡ್ಡಗಳಿಗೂ ಒಪ್ಪಬೇಕೆಂಬ ನಿಯಮವಿಲ್ಲ. ಬೇಸಗೆಯ ಬಾಗಿಲಲ್ಲಿ ಸುರಗಿ, ಬಿಸುವಿನ ವೇಳೆಗೆ ಕಕ್ಕೆ, ಮುಂಗಾರಿನ ಮೊದಲಲ್ಲಿ ಹೊಳೆದಾಸವಾಳ, ಮಳೆಯ ನಡುವೆ ಕದಂಬ, ಜೊತೆಗೆ ಸಂಪಿಗೆ, ರೆಂಜೆ: ಹೂವಿನ ಸರದಿಯನ್ನು ಇಲ್ಲಿಯೂ ಹೆಣೆಯಬಹುದಲ್ಲವೇ? ನೆಲದ ಪಂಡಿತರೂ ನಮ್ಮಲ್ಲಿ ಇಲ್ಲದಿಲ್ಲ. ಪುತ್ತೂರಿನಲ್ಲಿಯೇ ಗೇರು ಸಂಶೋಧನೆಯ ರಾಷ್ಟ್ರಮಟ್ಟದ ಕೇಂದ್ರವಿದೆ.

ಸುತ್ತಲೂ ಕಾಡು, ಅಡಕೆ ತೋಟಗಳಿರುವ ಊರಿಗೆ ಉದ್ಯಾನವೇಕೆ ಎಂಬ ಆಕ್ಷೇಪವನ್ನು ನಾನು ಹಲವು ಬಾರಿ ಕೇಳಿದ್ದೇನೆ. ಅಡಕೆ ತೋಟಕ್ಕೆ ಒಡೆಯನಿದ್ದಾನೆ, ಕಾಡಿಗೆ ಇಲಾಖೆಯಿದೆ. ಬಾಡಿಗೆ ಮನೆಯ ಮಗುವಿಗೂ ಬಸ್ಸಿಗೆ ಕಾಯುವ ವೃದ್ಧೆಗೂ ಹಕ್ಕಿನಿಂದ ಕುಳಿತುಕೊಳ್ಳಬಹುದಾದ ನೆರಳು ಯಾವುದು? ಶಿವರಾಮ ಕಾರಂತರು ಪರ್ಲಡ್ಕದಲ್ಲಿ ಮಕ್ಕಳಿಗಾಗಿ ಬಾಲವನವನ್ನು ಕಟ್ಟಿದಾಗ ಇದೇ ಪ್ರಶ್ನೆಗೆ ತಮ್ಮ ರೀತಿಯಲ್ಲಿ ಉತ್ತರ ಕೊಟ್ಟರು. ಬೀರಮಲೆ ಗುಡ್ಡದ ಗಾಳಿ ಊರಿಗೆಲ್ಲ ಸೇರಿದುದೆಂಬ ಭಾವನೆ ನಮ್ಮವರಲ್ಲಿ ಇನ್ನೂ ಉಳಿದಿದೆ. ಸುಳ್ಯಕ್ಕೆ ಪಯಸ್ವಿನಿಯ ದಡವಿದೆ, ಕಡಬದ ಸೀಮೆಗೆ ಕುಮಾರಧಾರೆಯ ತಂಪಿದೆ. ನಿವೇಶನ, ಅಂಗಡಿ, ರಸ್ತೆಗಳಿಗೆ ಹಂಚಿ ಉಳಿದ ಮೂಲೆಯನ್ನು ಉದ್ಯಾನವೆಂದು ಕರೆಯುವ ವಾಡಿಕೆಯನ್ನು ಬಿಟ್ಟು, ಮೊದಲೇ ನೆಲವನ್ನು ಮೀಸಲಿಡುವುದೇ ವಿವೇಕ. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕು, ಲಾಲ್‌ಬಾಗುಗಳ ರಕ್ಷಣೆಗೆ 1975ರಲ್ಲಿ ಒಂದು ಶಾಸನವೇ ಬೇಕಾಯಿತು. ರಾಜ್ಯದ ಉದ್ಯಾನ, ಆಟದ ಬಯಲುಗಳಿಗಾಗಿ 1985ರಲ್ಲಿ ಇನ್ನೊಂದು ಬಂದಿತು. ಕಾಯಿದೆಯೇನೋ ಕೈಯಲ್ಲಿದೆ, ಆದರೆ ಗುರುತಿಸದ ನೆಲವನ್ನು ಯಾವ ಕಾಯಿದೆಯೂ ಕಾಯಲಾರದು.

ಕ್ರುಂಬಿಗಲ್ಲರ ಬೆನ್ನ ಹಿಂದೆ ಒಬ್ಬ ಮಹಾರಾಜರಿದ್ದರು. ಇಂದು ಆ ಸ್ಥಾನದಲ್ಲಿರುವವರು ಪೌರರು, ಎಂದರೆ ನಾವೇ. ಪುರಸಭೆ, ಪಂಚಾಯಿತಿಗಳ ಅವಧಿ ಐದು ವರ್ಷ. ಒಂದು ಹೊನ್ನೆಯ ಮರ ನೆರಳು ಕೊಡುವಷ್ಟು ಬೆಳೆಯಲು ಅಷ್ಟು ಕಾಲ ಸಾಲದು. ಆ ಅಂತರವನ್ನು ತುಂಬಬೇಕಾದವರು ಶಾಲೆಯ ಉಪಾಧ್ಯಾಯರು, ವಿದ್ಯಾರ್ಥಿಗಳು, ಊರನ್ನು ಪ್ರೀತಿಸುವ ಓದುಗರು. ಹೊರನಾಡಿನಿಂದ ಬಂದ ಒಬ್ಬರು ಹುಟ್ಟಲಿದ್ದ ಜನರಿಗಾಗಿ ಅಷ್ಟನ್ನು ಯೋಚಿಸಿದರಾದರೆ, ಇಲ್ಲಿಯೇ ಹುಟ್ಟಿದ ನಮಗೆ ಮೊಮ್ಮಕ್ಕಳ ನೆರಳಿನ ಚಿಂತೆ ಭಾರವಾಗಬಾರದು.