ಜಾರ್ಜ್ ಬೂಲ್

ವಿದ್ಯೆಯು ಸಿರಿವಂತರ ಮನೆಯ ಸೊತ್ತಲ್ಲ ಎಂಬುದಕ್ಕೆ ಗಣಿತಜ್ಞ ಜಾರ್ಜ್ ಬೂಲನ ಜೀವನವೇ ಸಾಕ್ಷಿ. ಈತನು 1815ನೆಯ ಇಸವಿ ನವೆಂಬರ್ 2ರಂದು ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಜನಿಸಿದನು. ತಂದೆಯದು ಜೋಡು ಹೊಲಿಯುವ ಕಸುಬು. ಆದರೆ ಅವನ ಮನಸ್ಸೆಲ್ಲ ಗಣಿತದಲ್ಲಿ, ದೂರದರ್ಶಕಗಳನ್ನು ಮಾಡುವುದರಲ್ಲಿ. ಮಗನು ಲ್ಯಾಟಿನ್ ಭಾಷೆಯನ್ನು ಊರಿನ ಪುಸ್ತಕದ ವ್ಯಾಪಾರಿಯೊಬ್ಬನಿಂದ ಕಲಿತನು. ಗ್ರೀಕನ್ನು ತಾನಾಗಿಯೇ ಕಲಿತನು. ತಂದೆಯ ವ್ಯಾಪಾರ ಮುರಿದುಬಿದ್ದುದರಿಂದ ಹದಿನಾರನೆಯ ವಯಸ್ಸಿಗೇ ಉಪಾಧ್ಯಾಯನಾಗಿ ಸಂಸಾರದ ಭಾರ ಹೊರಬೇಕಾಯಿತು. ಹತ್ತೊಂಬತ್ತರಲ್ಲಿ ಸ್ವಂತ ಶಾಲೆ ತೆರೆದನು. ಬಿಡುವಿನಲ್ಲಿ ಫ್ರೆಂಚ್ ಗಣಿತಜ್ಞರ ಉದ್ಗ್ರಂಥಗಳನ್ನು ಗುರುವಿನ ನೆರವಿಲ್ಲದೆ ಓದಿದನು. 1844ರಲ್ಲಿ ರಾಯಲ್ ಸೊಸೈಟಿಯ ಪದಕ ದೊರೆಯಿತು. 1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕ್ವೀನ್ಸ್ ಕಾಲೇಜು, ಯಾವ ಪದವಿಯೂ ಇಲ್ಲದ ಈತನನ್ನು ಗಣಿತದ ಪ್ರಾಧ್ಯಾಪಕನನ್ನಾಗಿ ನೇಮಿಸಿತು.

1847 ಮತ್ತು 1854ರಲ್ಲಿ ಪ್ರಕಟವಾದ ಎರಡು ಗ್ರಂಥಗಳಲ್ಲಿ ಬೂಲನು ತರ್ಕವನ್ನು ಬೀಜಗಣಿತದ ರೂಪಕ್ಕೆ ತಂದನು. ನಿಜವಾದ ಮಾತಿಗೆ 1, ಸುಳ್ಳಿಗೆ 0. ತನ್ನಿಂದಲೇ ಗುಣಿಸಿದರೂ ಬದಲಾಗದ ಸಂಖ್ಯೆಗಳು ಇವೆರಡೇ ಅಲ್ಲವೇ? ಆ ನಿಯಮದ ಮೇಲೆಯೇ ಅವನು ಇಡೀ ಶಾಸ್ತ್ರವನ್ನು ಕಟ್ಟಿದನು.

1855ರಲ್ಲಿ ಮೇರಿ ಎವರೆಸ್ಟಳನ್ನು ವಿವಾಹವಾದನು. ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಆಕೆಯ ದೊಡ್ಡಪ್ಪ. ದಂಪತಿಗಳಿಗೆ ಐವರು ಹೆಣ್ಣುಮಕ್ಕಳು. 1864ರ ಚಳಿಗಾಲದಲ್ಲಿ ಬೂಲನು ಮಳೆಯಲ್ಲಿ ನೆನೆಯುತ್ತ ಕಾಲೇಜಿಗೆ ನಡೆದುಹೋಗಿ, ಒದ್ದೆ ಬಟ್ಟೆಯಲ್ಲಿಯೇ ಪಾಠ ಹೇಳಿದನು. ಜ್ವರ ಶ್ವಾಸಕೋಶಕ್ಕಿಳಿದು ಡಿಸೆಂಬರ್ 8ರಂದು ತೀರಿಕೊಂಡನು. ಆಗ ಅವನಿಗೆ ಕೇವಲ 49 ವರ್ಷ.

ಅವನ ಗಣಿತದ ಪೂರ್ಣ ಪ್ರಯೋಜನ ತಿಳಿಯಲು ಮುಕ್ಕಾಲು ಶತಮಾನ ಬೇಕಾಯಿತು. ವಿದ್ಯುತ್ ಸ್ವಿಚ್ಚುಗಳ ಜೋಡಣೆಗೆ ಇದೇ ಗಣಿತ ಸಲ್ಲುವುದೆಂದು ಅಮೆರಿಕದ ಕ್ಲಾಡ್ ಶ್ಯಾನನ್ 1937ರಲ್ಲಿ ತೋರಿಸಿದನು. ಕಂಪ್ಯೂಟರುಗಳು ಬಂದ ಮೇಲೆ, ಮನುಷ್ಯ ಬರೆದ ಸೂತ್ರಗಳನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುವ ಕಂಪೈಲರುಗಳೂ ಬಂದವು. ಐಬಿಎಂ 704 ಯಂತ್ರಕ್ಕೆಂದು 1957ರಲ್ಲಿ ಸಿದ್ಧವಾದ ಫೋರ್ಟ್ರಾನ್, ಒಂದು ಸಂಖ್ಯೆ ಋಣವೋ, ಸೊನ್ನೆಯೋ, ಧನವೋ ಎಂದು ನೋಡಿ ದಾರಿ ಆರಿಸುತ್ತಿತ್ತು. ನಿಜ, ಸುಳ್ಳುಗಳಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. 1960ರ ಆಲ್ಗಾಲ್ ಭಾಷೆ ಆ ಸ್ಥಾನ ಕೊಟ್ಟು, ಅದಕ್ಕೆ ಬೂಲಿಯನ್ ಎಂದೇ ಹೆಸರಿಟ್ಟಿತು. 1962ರ ಫೋರ್ಟ್ರಾನ್ 4 ಕೂಡ ನಿಜ, ಸುಳ್ಳುಗಳನ್ನು ಸೇರಿಸಿಕೊಂಡಿತು. ಐಬಿಎಂ 7090 ಯಂತ್ರದಲ್ಲಿ ಒಂದೇ ಬಿಟ್ಟಿನಲ್ಲಿ ಹಿಡಿಸುವ ಉತ್ತರಕ್ಕೆ 36 ಬಿಟ್ಟುಗಳ ಪೂರ್ತಿ ಪದವನ್ನೇ ಅದು ಮೀಸಲಿಟ್ಟಿತು!

ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಈ ಜೀವನದಲ್ಲೊಂದು ಧೈರ್ಯವಿದೆ. ಜೋಡು ಹೊಲಿಯುವವನ ಮಗನ ಹೆಸರನ್ನು ಇಂದು ಲೋಕದ ಯಂತ್ರಗಳೆಲ್ಲ ಹೊತ್ತಿವೆ. ಪದವಿ ಅವನಿಗೆ ದೊರೆಯಲಿಲ್ಲ, ನಮಗೆ ದೊರೆಯುತ್ತಿದೆ. ಅವನಲ್ಲಿದ್ದ ಜ್ಞಾನದ ಹಸಿವನ್ನು ಮಾತ್ರ ನಾವೇ ಸಂಪಾದಿಸಿಕೊಳ್ಳಬೇಕು.