ಸುರಪುರದ ಟೇಲರ್ ಸಾಹೇಬರು

ಸುರಪುರದ ಗುಡ್ಡವನ್ನೇರಿದವರಿಗೆ ಊರವರು ಟೇಲರ್ ಮಂಜಿಲ್ ಎಂಬ ಬಂಗಲೆಯನ್ನು ತೋರಿಸುತ್ತಾರೆ. ಅದನ್ನು ಕಟ್ಟಿಸಿದ ಕರ್ನಲ್ ಫಿಲಿಪ್ ಮೆಡೋಸ್ ಟೇಲರರನ್ನು ಠಕ್ಕರ ಕಾದಂಬರಿ ಬರೆದವರೆಂದು ಬಲ್ಲವರು ಹಲವರು. ಕನ್ನಡನಾಡಿನ ಪುರಾತನ ಸಮಾಧಿಗಳಿಗೆ ಅವರು ಸಲ್ಲಿಸಿದ ಸೇವೆಯನ್ನು ಬಲ್ಲವರು ಕೆಲವರು ಮಾತ್ರ.

ಟೇಲರರು 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದರು. ಹದಿನೈದರ ಹರೆಯದಲ್ಲಿ, 1824ರಲ್ಲಿ, ವರ್ತಕನೊಬ್ಬನ ಬಳಿ ಕೆಲಸಕ್ಕೆಂದು ಮುಂಬಯಿಗೆ ಬಂದರು. ಅಲ್ಲಿ ನೆಲೆ ಸಿಗದೆ ಹೈದರಾಬಾದಿಗೆ ಹೋಗಿ ನಿಜಾಮರ ಸೈನ್ಯವನ್ನು ಸೇರಿದರು. ದೇಶಭಾಷೆ, ಕಾಯಿದೆ, ಭೂಮಾಪನ ಎಲ್ಲವನ್ನೂ ಸ್ವಂತ ಪರಿಶ್ರಮದಿಂದಲೇ ಕಲಿತರು. 1839ರಲ್ಲಿ ಪ್ರಕಟವಾದ ಠಕ್ಕರ ಕಾದಂಬರಿಯಿಂದ ಕೀರ್ತಿ ಬಂದಿತು.

1841ರಲ್ಲಿ ಅವರನ್ನು ಸುರಪುರಕ್ಕೆ ಕಳುಹಿಸಲಾಯಿತು. ಬಾಲಕ ದೊರೆ ವೆಂಕಟಪ್ಪ ನಾಯಕರು ಪ್ರಾಯಕ್ಕೆ ಬರುವವರೆಗೆ, ಅಂದರೆ 1853ರ ವರೆಗೆ, ಸಂಸ್ಥಾನದ ಆಡಳಿತದ ಹೊಣೆಯನ್ನು ಅವರೇ ಹೊತ್ತರು. ಬಾಲಕನು ಅವರನ್ನು ಅಪ್ಪ ಎಂದೇ ಕರೆಯುತ್ತಿದ್ದನು. ಇದೇ ದೊರೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಯಾಗಿ, ಅದೇ ವರ್ಷ ಗುಂಡಿಗೆ ಬಲಿಯಾದುದು ಟೇಲರರಿಗೆ ತೀರದ ದುಃಖವಾಯಿತು.

ಆಡಳಿತದ ನಡುವೆ ಅವರು ಸುತ್ತಲ ಬಯಲುಗಳನ್ನು ಕಣ್ಣಿಟ್ಟು ನೋಡಿದರು. ಜೇವರ್ಗಿಯ ಕಲ್ಲುಗುಡ್ಡೆಗಳು, ರಾಜನಕೋಳೂರಿನ ಚಪ್ಪಡಿಯ ಕೋಣೆಗಳು, ವಿಭೂತಿಹಳ್ಳಿಯ ಸಾಲುಗಲ್ಲುಗಳು ಅವರನ್ನು ತಡೆದು ನಿಲ್ಲಿಸಿದವು. ಕೆಲವನ್ನು ಅಗೆಸಿದರು. ಒಳಗೆ ಅಸ್ಥಿಗಳೂ ಮಡಕೆಗಳೂ ದೊರೆತವು. ನಿಧಿಗಾಗಿ ಅಗೆಯುವವರಂತೆ ಅವರು ಮಣ್ಣನ್ನು ಎರಚಿ ಹೋಗಲಿಲ್ಲ. ಯಾವ ಪದರದಲ್ಲಿ ಏನಿತ್ತೆಂಬುದನ್ನು ಅಳೆದು, ನಕ್ಷೆ ಬರೆದು, ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂಥ ಶ್ರದ್ಧೆ ಆ ಕಾಲದಲ್ಲಿ ಅಪರೂಪ. ಇವು ಹೊರಗಿನಿಂದ ಬಂದ ಶಕ ಜನಾಂಗದವರ ಸಮಾಧಿಗಳೆಂಬ ಅವರ ಊಹೆ ಮಾತ್ರ ನಿಲ್ಲಲಿಲ್ಲ. ಇವು ಈ ನೆಲದಲ್ಲೇ ಬಾಳಿದ ಕಬ್ಬಿಣಯುಗದ ಜನರ ಸಮಾಧಿಗಳೆಂದು ಇಂದಿನ ವಿದ್ವಾಂಸರ ಮತ.

1860ರಲ್ಲಿ ನಿವೃತ್ತರಾದ ಟೇಲರರು 1876ರಲ್ಲಿ ಫ್ರಾನ್ಸಿನ ಮೆಂತೋನಿನಲ್ಲಿ ಕಾಲವಾದರು. ಚದುರಿದ್ದ ಅವರ ಲೇಖನಗಳನ್ನು 1941ರಲ್ಲಿ ಹೈದರಾಬಾದಿನ ಪುರಾತತ್ವ ಇಲಾಖೆ ಒಂದು ಗ್ರಂಥವಾಗಿ ಹೊರತಂದಿತು.

ನಮ್ಮ ಜನ ಇಂಥ ಕಲ್ಲುಕೋಣೆಗಳನ್ನು ಮೋರೇರ ಮನೆಗಳೆನ್ನುತ್ತಾರೆ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಇಂಥ ಮನೆಗಳು 2021ರಲ್ಲಿ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದವು. 1958ರ ಕಾಯಿದೆ ರಕ್ಷಿತ ಸ್ಮಾರಕಗಳಿಗೆ ಕಾವಲಾಗಿದೆ. ಪಟ್ಟಿಗೆ ಸೇರದವು ಕಲ್ಲು ಗಣಿಗೂ ನೇಗಿಲಿಗೂ ಕರಗುತ್ತಿವೆ. ಒಮ್ಮೆ ಕದಲಿದ ಕಲ್ಲು ಮತ್ತೆ ಮಾತನಾಡದು. ಪರದೇಶದವರೊಬ್ಬರು ಅಷ್ಟು ಜತನದಿಂದ ಅಳೆದ ನಮ್ಮ ಹಿರಿಯರ ಮನೆಗಳನ್ನು, ರಜೆಯಲ್ಲಿ ಊರಿಗೆ ಹೋದಾಗಲಾದರೂ ನಾವು ನೋಡಿ, ಊರವರೊಡನೆ ಕೂಡಿ ಕಾಯಬಾರದೇ?