ಪರರ ಹಾಡಿಗೆ ಪ್ರಾಣ ತುಂಬಿದ ಜಾನಿಸ್ ಜಾಪ್ಲಿನ್

ಅಮೆರಿಕದ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಅವರ ‘ಗ್ರೇಟೆಸ್ಟ್ ಹಿಟ್ಸ್’ ಸಂಕಲನ 1973ರಲ್ಲಿ ಹೊರಬಂದಾಗ ಆಕೆ ತೀರಿಕೊಂಡು ಮೂರು ವರ್ಷ ಸಮೀಪಿಸಿತ್ತು. ಅದರಲ್ಲಿರುವ ಹತ್ತು ಹಾಡುಗಳ ಪೈಕಿ ಪೂರ್ಣವಾಗಿ ಆಕೆಯೇ ರಚಿಸಿದ್ದು ‘ಮೂವ್ ಓವರ್’ ಒಂದೇ. ‘ಡೌನ್ ಆನ್ ಮಿ’ ಹಳೆಯ ಭಕ್ತಿಗೀತೆಯೊಂದರ ಮಾರ್ಪಾಡು. ಮಿಕ್ಕವು ಪರರ ರಚನೆಗಳು. ಹೆಚ್ಚಿನವನ್ನು ಬೇರೆಯವರು ಮೊದಲೇ ಹಾಡಿದ್ದರು. ಆದರೂ ಇಂದಿಗೂ ಅವು ಜಾಪ್ಲಿನ್ ಹಾಡುಗಳೆಂದೇ ಪ್ರಸಿದ್ಧ.

ಜಾನಿಸ್ ಜನಿಸಿದ್ದು 1943ರ ಜನವರಿ 19ರಂದು, ಟೆಕ್ಸಾಸ್ ರಾಜ್ಯದ ಪೋರ್ಟ್ ಆರ್ಥರ್‌ನಲ್ಲಿ. ಅದು ತೈಲ ಶುದ್ಧೀಕರಣ ಕಾರ್ಖಾನೆಗಳ ಊರು. ತಂದೆ ಟೆಕ್ಸಾಕೊ ಕಂಪನಿಯ ಎಂಜಿನಿಯರ್. ವರ್ಣಭೇದ ಬೇರೂರಿದ್ದ ಆ ಪರಿಸರದಲ್ಲಿ ಬಿಳಿಯ ಹುಡುಗಿಯೊಬ್ಬಳು ಬೆಸ್ಸಿ ಸ್ಮಿತ್, ಲೆಡ್ ಬೆಲಿ ಮುಂತಾದ ಕರಿಯ ಕಲಾವಿದರ ಬ್ಲೂಸ್ ಸಂಗೀತಕ್ಕೆ ಮನಸೋತದ್ದು ಸಹಪಾಠಿಗಳಿಗೆ ಹಿಡಿಸಲಿಲ್ಲ. ಶಾಲೆಯಲ್ಲೂ ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲೂ ಆಕೆ ಗೇಲಿಗೆ ಗುರಿಯಾದರು.

1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ‘ಬಿಗ್ ಬ್ರದರ್ ಅಂಡ್ ದ ಹೋಲ್ಡಿಂಗ್ ಕಂಪನಿ’ ಬ್ಯಾಂಡ್ ಸೇರಿದರು. ಮರುವರ್ಷ ಜೂನ್‌ನಲ್ಲಿ ನಡೆದ ಮಾಂಟೆರೆ ಉತ್ಸವದಲ್ಲಿ ಹಾಡಿದ ‘ಬಾಲ್ ಅಂಡ್ ಚೈನ್’ ಆಕೆಯನ್ನು ರಾತ್ರಿ ಬೆಳಗಾಗುವುದರೊಳಗೆ ಪ್ರಖ್ಯಾತರನ್ನಾಗಿಸಿತು. ಆ ಹಾಡು ಕರಿಯ ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್ ಅವರದು. ಬ್ಯಾಂಡಿನವರು ಆಕೆಯ ಅನುಮತಿ ಪಡೆದೇ ಹಾಡಿದ್ದರು. ಆದರೆ ಹಕ್ಕುಸ್ವಾಮ್ಯ ಥಾರ್ನ್‌ಟನ್ ಕೈಯಲ್ಲಿರದೆ ಧ್ವನಿಮುದ್ರಣ ಸಂಸ್ಥೆಯೊಂದರ ವಶದಲ್ಲಿತ್ತು. ಹೀಗಾಗಿ ಹಾಡು ಜಗತ್ಪ್ರಸಿದ್ಧವಾದರೂ ರಚನಕಾರಳ ಪಾಲಿನ ಗೌರವಧನ ಅವರಿಗೆ ದಕ್ಕಲಿಲ್ಲ.

1968ರ ‘ಚೀಪ್ ಥ್ರಿಲ್ಸ್’ ಎಂಟು ವಾರ ಅಮೆರಿಕದ ಪಟ್ಟಿಯಲ್ಲಿ ಅಗ್ರಸ್ಥಾನದಲ್ಲಿತ್ತು. ಅದರ ಜನಪ್ರಿಯ ಗೀತೆ ‘ಪೀಸ್ ಆಫ್ ಮೈ ಹಾರ್ಟ್’ ಅನ್ನು ಅರೀಥಾ ಫ್ರಾಂಕ್ಲಿನ್ ಅವರ ಸೋದರಿ ಅರ್ಮಾ ಹಿಂದಿನ ವರ್ಷವಷ್ಟೇ ಹಾಡಿದ್ದರು. ಅರ್ಮಾ ಅವರದು ಸಂಯಮದ ಗಾಯನ. ಜಾನಿಸ್ ಅವರದು ಗಂಟಲು ಹರಿಯುವಂಥ ಆರ್ತನಾದ. ಇದನ್ನು ಬರಿಯ ಅನುಕರಣೆ ಎನ್ನಲಾಗದು. ಆದರೆ ಬಿಳಿಯರ ಕಂಠಕ್ಕೆ ತೆರೆದುಕೊಂಡ ಮಾರುಕಟ್ಟೆ ಕರಿಯರ ಮೂಲ ಗಾಯನಕ್ಕೆ ಅಷ್ಟಾಗಿ ತೆರೆದುಕೊಳ್ಳಲಿಲ್ಲವೆಂಬುದೂ ನಿಜ.

ಈ ಋಣದ ಅರಿವು ಜಾನಿಸ್‌ಗೆ ಇದ್ದಿರಬೇಕು. 1937ರಲ್ಲಿ ನಿಧನರಾದ ಬೆಸ್ಸಿ ಸ್ಮಿತ್ ಅವರ ಸಮಾಧಿಗೆ ಮೂರು ದಶಕ ಕಳೆದರೂ ಹೆಸರಿನ ಕಲ್ಲೂ ಇರಲಿಲ್ಲ. 1970ರ ಆಗಸ್ಟ್‌ನಲ್ಲಿ ಅಲ್ಲಿ ಶಿಲೆ ನೆಟ್ಟಾಗ ಅದರ ವೆಚ್ಚದಲ್ಲಿ ಜಾನಿಸ್ ಪಾಲಿತ್ತು.

ಅದಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಅಕ್ಟೋಬರ್ 4ರಂದು ಲಾಸ್ ಏಂಜಲೀಸ್‌ನ ಹೋಟೆಲೊಂದರಲ್ಲಿ ಹೆರಾಯಿನ್ ಅತಿಸೇವನೆಯಿಂದ ಜಾನಿಸ್ ಕೊನೆಯುಸಿರೆಳೆದರು. ವಯಸ್ಸು ಕೇವಲ 27. ಆಗ ‘ಪರ್ಲ್’ ಧ್ವನಿಮುದ್ರಣ ಮುಗಿಯುವ ಹಂತದಲ್ಲಿತ್ತು. ಅದರ ಒಂದು ಹಾಡಿಗೆ ವಾದ್ಯಸಂಗೀತ ಸಿದ್ಧವಾಗಿತ್ತು, ಕಂಠ ಸೇರಿಸುವುದಷ್ಟೇ ಬಾಕಿ. ಅದು ಹಾಗೆಯೇ, ಗಾಯಕಿಯ ದನಿಯಿಲ್ಲದೆ, 1971ರ ಜನವರಿಯಲ್ಲಿ ಬಿಡುಗಡೆಯಾಯಿತು. ಕ್ರಿಸ್ ಕ್ರಿಸ್ಟಾಫರ್ಸನ್ ಅವರ ‘ಮಿ ಅಂಡ್ ಬಾಬಿ ಮೆಗೀ’ ಮಾರ್ಚ್‌ನಲ್ಲಿ ಮೊದಲ ಸ್ಥಾನಕ್ಕೇರಿತು. ಅದನ್ನು ಮೊದಲು ಧ್ವನಿಮುದ್ರಿಸಿದವರು ರೋಜರ್ ಮಿಲ್ಲರ್ ಎಂಬುದು ಎಷ್ಟು ಮಂದಿಗೆ ಗೊತ್ತು?

ಸಂಕಲನಗಳ ರೀತಿಯೇ ಹಾಗೆ. ಸಾಲದ ಲೆಕ್ಕ ಮರೆಸಿ ಹೆಸರೊಂದನ್ನೇ ಉಳಿಸುತ್ತವೆ. 1973ರ ಆ ಸಂಕಲನದ ಶೀರ್ಷಿಕೆಯಲ್ಲಿ ಬಿಗ್ ಬ್ರದರ್ ಬ್ಯಾಂಡಿನ ಹೆಸರಿಗೂ ಜಾಗ ಸಿಗಲಿಲ್ಲ.

ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಜಾನಿಸ್‌ಗೆ ಸಂದದ್ದು 1995ರಲ್ಲಿ. 1984ರಲ್ಲೇ ಕಣ್ಮುಚ್ಚಿದ ಬಿಗ್ ಮಾಮಾ ಥಾರ್ನ್‌ಟನ್ ಅದಕ್ಕಾಗಿ 2024ರವರೆಗೆ ಕಾಯಬೇಕಾಯಿತು.